ಸೋತ ಕಾಲು, ಸೋಲದ ಸವಾರಿ

'ಕುದುರೆ ಕಂಡರೆ ಕಾಲುನೋವು' ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ನಡೆಯಲು ಬೇಸರಪಟ್ಟು ಸವಾರಿಗೆ ಆಸೆಪಡುವ ಸೋಮಾರಿಯನ್ನು ಹಂಗಿಸುವ ಮಾತದು. ಆದರೆ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬಾಕೆಯ ಕಾಲುಗಳು ನಿಜವಾಗಿಯೇ ಸೋತಿದ್ದವು. ಮೊಣಕಾಲಿನಿಂದ ಕೆಳಕ್ಕೆ ಸ್ವಾಧೀನವೇ ಇಲ್ಲದ ಈ ಗೃಹಿಣಿ ಕುದುರೆ ಸವಾರಿಯಲ್ಲಿ ಎರಡು ಸಲ ಒಲಿಂಪಿಕ್ ಪದಕ ಗೆದ್ದಳು.

ಆಕೆ ಗೆದ್ದುದು 'ಡ್ರೆಸಾಜ್' ಎಂಬ ಸ್ಪರ್ಧೆಯಲ್ಲಿ. ಫ್ರೆಂಚ್ ಭಾಷೆಯಲ್ಲಿ ಈ ಪದಕ್ಕೆ ಪಳಗಿಸುವಿಕೆ ಎಂದರ್ಥ. ಓಟದ ವೇಗವಾಗಲಿ, ಬೇಲಿ ನೆಗೆಯುವ ಎತ್ತರವಾಗಲಿ ಇಲ್ಲಿ ಲೆಕ್ಕಕ್ಕಿಲ್ಲ. 60 ಮೀಟರ್ ಉದ್ದ, 20 ಮೀಟರ್ ಅಗಲದ ಅಂಕಣದಲ್ಲಿ ಕುದುರೆ ನಡೆಯಬೇಕು, ತಿರುಗಬೇಕು, ನಿಂತಲ್ಲಿಯೇ ತಾಳಬದ್ಧವಾಗಿ ಹೆಜ್ಜೆಯೆತ್ತಬೇಕು. ಒಂದೊಂದು ಚಲನೆಗೂ ಸೊನ್ನೆಯಿಂದ 10ರವರೆಗೆ ಅಂಕ. ಸವಾರ ಬಾಯಿಬಿಟ್ಟು ಆಜ್ಞೆ ಕೊಡುವಂತಿಲ್ಲ; ಆತನ ಸೂಚನೆ ನೋಡುವವರ ಕಣ್ಣಿಗೆ ಬೀಳದಷ್ಟೂ ಶ್ರೇಷ್ಠ.

ಇದರ ಮರ್ಮವಿರುವುದು ತೂಕದಲ್ಲಿ. ಕುದುರೆಯು ಸ್ವಭಾವತಃ ತನ್ನ ಭಾರದಲ್ಲಿ ಹೆಚ್ಚು ಪಾಲನ್ನು ಮುಂಗಾಲುಗಳ ಮೇಲೆ ಹೊರುತ್ತದೆ. ಬೆನ್ನೇರಿದ ಮನುಷ್ಯ ಆ ಹೊರೆಯನ್ನು ಇನ್ನಷ್ಟು ಹೆಚ್ಚಿಸುತ್ತಾನೆ. ಆ ಭಾರವನ್ನು ಕ್ರಮೇಣ ಬಲಿಷ್ಠವಾದ ಹಿಂಗಾಲುಗಳಿಗೆ ದಾಟಿಸುವುದೇ ಈ ಶಿಕ್ಷಣದ ಗುರಿ. ಮೊದಲು ಸಮತಾಳದ ನಡೆ, ಬಳಿಕ ಮೈಯ ಬಿಗುವು ಸಡಿಲುವುದು, ಲಗಾಮಿನೊಡನೆ ಮೃದುವಾದ ಸಂಪರ್ಕ, ಮುನ್ನುಗ್ಗುವ ಹುರುಪು, ನೇರ ನಡಿಗೆ, ಕಟ್ಟಕಡೆಗೆ ಮೈಯನ್ನು ಒಗ್ಗೂಡಿಸಿ ಹಿಂಗಾಲ ಮೇಲೆ ಭಾರ ತಾಳುವುದು. ಈ ಮೆಟ್ಟಿಲುಗಳನ್ನೇರಲು ವರ್ಷಗಳೇ ಹಿಡಿಯುತ್ತವೆ.

ಹೊಸಬರು ಸಾಮಾನ್ಯವಾಗಿ ಲಗಾಮನ್ನೆಳೆದು ತಿರುಗಿಸುತ್ತಾರೆ. ಪಳಗಿದವರು ತಿರುಗಬೇಕಾದ ಕಡೆಗೆ ದೃಷ್ಟಿಯಿಟ್ಟು, ಆ ಬದಿಯ ಆಸನಕ್ಕೆ ಕೊಂಚ ಭಾರ ಕೊಡುತ್ತಾರೆ. ಮೈಮೇಲೆ ನೊಣ ಕುಳಿತರೂ ಅರಿಯುವ ಪ್ರಾಣಿ ಅದು; ಭಾರ ಸರಿದತ್ತ ತಾನೂ ಹೆಜ್ಜೆಯಿಡುತ್ತದೆ. ಮಾತು ಕೇಳಿದೊಡನೆ ಕೈ ಸಡಿಲಿಸುವುದೇ ಅದಕ್ಕೆ ಕೊಡುವ ಬಹುಮಾನ.

1943 ಮತ್ತು 1944ರಲ್ಲಿ ಹಾರ್ಟೆಲ್ ತನ್ನ ದೇಶದ ಚಾಂಪಿಯನ್ ಆಗಿದ್ದಳು. 1944ರ ಸೆಪ್ಟೆಂಬರಿನಲ್ಲಿ, 23ರ ಪ್ರಾಯದಲ್ಲಿ, ಗರ್ಭಿಣಿಯಾಗಿದ್ದಾಗ ಪೋಲಿಯೋ ಬಡಿಯಿತು. ಹೆಣ್ಣುಮಗು ಆರೋಗ್ಯವಾಗಿ ಹುಟ್ಟಿತು. ತಾಯಿ ಮಾತ್ರ ತೋಳೆತ್ತುವುದನ್ನೂ ಹೊಸದಾಗಿ ಕಲಿಯಬೇಕಾಯಿತು. ತೆವಳಿದಳು, ಊರುಗೋಲು ಹಿಡಿದು ನಿಂತಳು, ಪರರ ನೆರವಿನಿಂದ ಕುದುರೆಯೇರಿದಳು. ಹಿಮ್ಮಡಿಯಿಂದ ಸೂಚನೆ ಕೊಡುವುದು ಇನ್ನು ಸಾಧ್ಯವಿರಲಿಲ್ಲ. ಬೆನ್ನು ಮತ್ತು ಆಸನದ ಭಾರದಿಂದಲೇ ಮಾತನಾಡುವ ವಿದ್ಯೆಯನ್ನು ಆಕೆ ಕಲಿತಳು. ಜ್ಯೂಬಿಲಿ ಎಂಬ ಆಕೆಯ ಹೆಣ್ಣುಕುದುರೆ ಆ ಭಾಷೆಯನ್ನು ತಿಳಿದುಕೊಂಡಿತು. 1947ರಲ್ಲಿ ಸ್ಕ್ಯಾಂಡಿನೇವಿಯಾದ ಸ್ಪರ್ಧೆಯಲ್ಲಿ ಆಕೆ ಎರಡನೆಯವಳಾದಳು.

ಆದರೆ ಒಲಿಂಪಿಕ್ಸಿನ ಬಾಗಿಲು ಸ್ತ್ರೀಯರಿಗೆ ಮುಚ್ಚಿತ್ತು. ಸೇನೆಯ ಕೆಳದರ್ಜೆಯವರಿಗೂ ಅಲ್ಲಿ ಪ್ರವೇಶವಿರಲಿಲ್ಲ. 1948ರ ಲಂಡನ್ ಕೂಟದಲ್ಲಿ ಗೆದ್ದ ಸ್ವೀಡನ್ ತಂಡದ ಒಬ್ಬ ಸವಾರ ವಾಸ್ತವವಾಗಿ ಅಧಿಕಾರಿಯಲ್ಲವೆಂದು ತಿಳಿದ ಮೇಲೆ, ತಂಡದ ಚಿನ್ನದ ಪದಕವನ್ನೇ ಹಿಂದಕ್ಕೆ ಪಡೆಯಲಾಯಿತು. 1952ರ ಹೆಲ್ಸಿಂಕಿ ಕೂಟದ ಹೊತ್ತಿಗೆ ಈ ನಿಯಮ ಸಡಿಲಿತು. ಡ್ರೆಸಾಜ್ ಅಂಕಣಕ್ಕಿಳಿದ ನಾಲ್ವರು ಮಹಿಳೆಯರಲ್ಲಿ ಹಾರ್ಟೆಲ್ ಒಬ್ಬಳು. ಪುರುಷರೊಡನೆ ಸಮನಾಗಿ ಸೆಣಸಿ ಆಕೆ ಬೆಳ್ಳಿಯ ಪದಕ ಪಡೆದಳು. ಆಕೆ ಪದಕದ ವೇದಿಕೆಯೇರಲು ಕೈನೀಡಿದವನು ಚಿನ್ನ ಗೆದ್ದ ಸ್ವೀಡನ್ನಿನ ಹೆನ್ರಿ ಸೇಂಟ್ ಸಿರ್. ಆಕೆಯ ಕಾಲುಗಳ ಸ್ಥಿತಿ ಅನೇಕ ಪ್ರೇಕ್ಷಕರಿಗೆ ತಿಳಿದದ್ದೇ ಆಗ.

1956ರ ಕೂಟ ಮೆಲ್ಬರ್ನಿನಲ್ಲಿ ನಡೆದರೂ, ಆಸ್ಟ್ರೇಲಿಯಾದ ಪ್ರಾಣಿ ಪ್ರವೇಶದ ಕಟ್ಟುನಿಟ್ಟಿನ ಕಾಯಿದೆಯಿಂದಾಗಿ ಕುದುರೆ ಸ್ಪರ್ಧೆಗಳು ಸ್ಟಾಕ್‌ಹೋಮಿನಲ್ಲಿ ಜರುಗಿದವು. ಅಲ್ಲಿಯೂ ಹಾರ್ಟೆಲ್‌ಗೆ ಬೆಳ್ಳಿ ಒಲಿಯಿತು. 2009ರಲ್ಲಿ ಆಕೆ ತೀರಿಕೊಂಡಳು. ಅಂಗವಿಕಲರಿಗೆ ಸವಾರಿಯನ್ನೇ ಚಿಕಿತ್ಸೆಯಾಗಿ ಕಲಿಸುವ ಕಾರ್ಯಕ್ಕೆ ಆಕೆಯ ಬಾಳು ದೊಡ್ಡ ಸ್ಫೂರ್ತಿಯಾಯಿತು.

ಭಾರತದಲ್ಲಿಯೂ ಈ ವಿದ್ಯೆ ಬೇರೂರುತ್ತಿದೆ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡೆಗಳಲ್ಲಿ ಬೆಳ್ಳಿ ಗೆದ್ದ ಮೂರು ಹಂತದ ಸ್ಪರ್ಧೆಯ ಮೊದಲ ಹಂತ ಡ್ರೆಸಾಜ್. 2023ರಲ್ಲಿ ಹ್ಯಾಂಗ್‌ಝೌ ನಗರದಲ್ಲಿ ಇಬ್ಬರು ಯುವತಿಯರೂ ಇಬ್ಬರು ಯುವಕರೂ ಕೂಡಿದ ಭಾರತದ ಡ್ರೆಸಾಜ್ ತಂಡವು ಚಿನ್ನವನ್ನೇ ತಂದಿತು.

ಸವಾರಿ ಕಲಿಯುವ ಮಕ್ಕಳನ್ನು ಬಲ್ಲ ಗುರುಗಳು ಕೆಲಕಾಲ ರಿಕಾಪಿನಿಂದ ಕಾಲು ತೆಗೆಸಿ, ಉದ್ದ ಹಗ್ಗದಲ್ಲಿ ಕುದುರೆಯನ್ನು ಸುತ್ತಿಸುತ್ತಾರೆ. ಮಕ್ಕಳಿಗೆ ಅದು ಶಿಕ್ಷೆಯೆನಿಸಬಹುದು. ಕಾಲಿನ ಆಸರೆ ತಪ್ಪಿದಾಗಲೇ ಆಸನ ಗಟ್ಟಿಯಾಗುತ್ತದೆ. ಅವರು ಬೇಕೆಂದು ಕಲಿಸುವ ಈ ಪಾಠವನ್ನು ಹಾರ್ಟೆಲ್‌ಗೆ ವಿಧಿಯೇ ಕಲಿಸಿತು. ಆಕೆ ಅದನ್ನು ಕಡೆಯವರೆಗೂ ಚೆನ್ನಾಗಿ ಕಲಿತಳು.