108 ಬರುವ ತನಕ ಯಾರು?

ಆಶಾ ಕಾರ್ಯಕರ್ತೆಯರಿಗೆ ಮೊದಲೇ ಹೊರೆ ಹೆಚ್ಚು, ಅರೆಜ್ಞಾನ ಅಪಾಯ, ಬೆಂಗಳೂರಿನ ಕುಕ್ ಟೌನ್‌ನಂಥ ಕಡೆ 108 ಆಂಬುಲೆನ್ಸ್ ಇದೆ, ಬೌರಿಂಗ್ ಆಸ್ಪತ್ರೆಯೂ ಹತ್ತಿರ. ಹಾಗಾಗಿ ಅವರಿಗೆ ಮೂಳೆಮುರಿತದ ಪ್ರಥಮ ಚಿಕಿತ್ಸೆ ಕಲಿಸುವುದು ಬೇಡ. ಇತ್ತೀಚೆಗೆ ಅಚ್ಚಾದ ಲೇಖನವೊಂದರ ವಾದ ಇಷ್ಟು.

ಅರೆಜ್ಞಾನದ ಭಯ ಸುಳ್ಳಲ್ಲ. ಆದರೆ ಅದು ಈಗಾಗಲೇ ಬೀದಿಯಲ್ಲಿದೆ. ಬಿದ್ದವರ ಕಾಲೆಳೆದು ನೇರ ಮಾಡುವವರು, ಎಣ್ಣೆ ಹಚ್ಚಿ ತಿಕ್ಕುವವರು, ಪುತ್ತೂರು ಕಟ್ಟು ಹಾಕಿಸೋಣ ಎನ್ನುವವರು ಯಾವ ತರಬೇತಿಗೂ ಕಾದು ಕೂತಿಲ್ಲ. ಕಟ್ಟು ವಿಪರೀತ ಬಿಗಿಯಾದರೆ ರಕ್ತಸಂಚಾರ ನಿಂತು ಕೈಕಾಲೇ ಕೊಳೆಯಬಹುದು. ಮೂಳೆ ಕೂಡಿಸುವುದು ವೈದ್ಯರ ಕೆಲಸ. ಕಾರ್ಯಕರ್ತೆ ಕಲಿಯಬೇಕಿರುವುದು ಮುರಿದ ಜಾಗದ ಮೇಲಿನ, ಕೆಳಗಿನ ಕೀಲುಗಳು ಅಲುಗದಂತೆ ದಪ್ಪ ರಟ್ಟಿನ ಆಸರೆ ಕೊಡುವುದನ್ನು, ತೆರೆದ ಗಾಯಕ್ಕೆ ಶುದ್ಧ ಬಟ್ಟೆ ಮುಚ್ಚುವುದನ್ನು, ಬೆರಳು ತಣ್ಣಗಾಯಿತೇ, ಜೋಮು ಹಿಡಿಯಿತೇ ಎಂದು ಗಮನಿಸುವುದನ್ನು.

ಕರ್ನಾಟಕದಲ್ಲಿ 108 ಓಡುತ್ತಿರುವುದು 2008ರಿಂದ. ನಕ್ಷೆಯಲ್ಲಿ ಬೌರಿಂಗ್ ಇರುವ ಶಿವಾಜಿನಗರವೂ ಹತ್ತಿರವೇ. ಸಂಜೆಯ ಟ್ರಾಫಿಕ್ಕಿಗೆ ನಕ್ಷೆಯ ಹಂಗಿಲ್ಲ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಅಜ್ಜಿಯನ್ನು ಮಡಚಿ ಆಟೊಗೆ ತುಂಬುವುದು ಆ ಕಾಯುವ ಹೊತ್ತಿನಲ್ಲೇ.

ಹೊರೆಯ ಮಾತು ಮಾತ್ರ ಒಪ್ಪತಕ್ಕದ್ದು. 2025ರ ಜನವರಿಯಲ್ಲಿ ಆಶಾಗಳು ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಕೂತದ್ದು ಗೌರವಧನಕ್ಕಾಗಿಯೇ. ಅವರ ಪರ ನಿಂತ ಲೇಖಕರು ತರಬೇತಿಯ ದಿನಕ್ಕೂ ಭತ್ಯೆ ಕೇಳಬಹುದಿತ್ತು. ತರಬೇತಿಯನ್ನೇ ಕೈಬಿಡಿ ಎಂದುಬಿಟ್ಟರು.