ನಲವತ್ತೆರಡನೆಯ ದಿನದ ನಂತರ ತಾಯಿ ಯಾರ ಹೊಣೆ?

‘ಹೆರಿಗೆಯಾದರೆ ಬಿ.ಪಿ. ತಾನಾಗಿಯೇ ಇಳಿಯುತ್ತದೆ, ಚಿಂತೆ ಬೇಡ.’ ಯಾದಗಿರಿ, ಶಹಾಪುರ, ಸುರಪುರಗಳ ಕಡೆ ಈ ಸಮಾಧಾನದ ಮಾತನ್ನು ಕೇಳದ ಮನೆ ಕಡಿಮೆ. ಮಾತು ಸುಳ್ಳಲ್ಲ. ಹೆಚ್ಚಿನ ಬಾಣಂತಿಯರಲ್ಲಿ ಕೆಲವು ವಾರಗಳೊಳಗೆ ರಕ್ತದೊತ್ತಡ ಇಳಿಯುತ್ತದೆ. ಆದರೆ ಇದು ಅರ್ಧ ಸತ್ಯ. ಉಳಿದ ಅರ್ಧವನ್ನು ಆ ಹೆಣ್ಣುಮಗಳಿಗೆ ಯಾರೂ ಹೇಳುವುದಿಲ್ಲ.

ಗರ್ಭ ನಿಂತು 20 ವಾರಗಳಾದ ಮೇಲೆ ರಕ್ತದೊತ್ತಡ 140/90 ಮುಟ್ಟಿ, ಮೂತ್ರದಲ್ಲಿ ಪ್ರೋಟೀನ್ ಹೋಗತೊಡಗಿದರೆ ವೈದ್ಯರು ಅದನ್ನು ಪ್ರಿಎಕ್ಲಾಂಪ್ಸಿಯಾ ಎನ್ನುತ್ತಾರೆ. ಫಿಟ್ಸ್ ಬಂದರೆ ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ. ಇದು ಆಶಾ ಕಾರ್ಯಕರ್ತೆಯರಿಗೆಲ್ಲ ಗೊತ್ತಿರುವ ವಿಷಯ. ಗೊತ್ತಾಗಬೇಕಾದದ್ದು ಮುಂದಿನದು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಈ ತೊಂದರೆ ಅನುಭವಿಸಿದ ಮಹಿಳೆಯರಿಗೆ ಮುಂದೆ ಹೃದ್ರೋಗ ಮತ್ತು ಪಾರ್ಶ್ವವಾಯು ತಗಲುವ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು. ಕಾಯಂ ರಕ್ತದೊತ್ತಡದ ಸಾಧ್ಯತೆ ಮೂರು ಪಟ್ಟಿಗೂ ಹೆಚ್ಚು. ಗರ್ಭಿಣಿಯಾಗಿದ್ದಾಗ ಸಕ್ಕರೆ ಕಾಯಿಲೆ ಕಾಣಿಸಿಕೊಂಡವರಿಗೂ, ದಿನ ತುಂಬುವ ಮೊದಲೇ ಹೆತ್ತವರಿಗೂ ಹೃದಯದ ಅಪಾಯ ಹೆಚ್ಚು. ಅಂದರೆ ಬಸಿರು ಹೆಣ್ಣಿನ ಹೃದಯಕ್ಕೆ ನಡೆಯುವ ಒಂದು ಪರೀಕ್ಷೆ. ಅದರ ಫಲಿತಾಂಶ ಬಂದಿದೆ, ಓದುವವರಿಲ್ಲ.

ಏಕೆ ಓದುವುದಿಲ್ಲ? ನಮ್ಮ ವ್ಯವಸ್ಥೆಗೆ ತಾಯಿ ಬೇಕಿರುವುದು ಹೆರಿಗೆಯವರೆಗೆ ಮಾತ್ರ. ತಾಯಿ ಕಾರ್ಡಿನಲ್ಲಿ ತಿಂಗಳು ತಿಂಗಳೂ ಬಿ.ಪಿ. ಬರೆಯುತ್ತಾರೆ. ಹೆರಿಗೆಯ ನಂತರ ಆಶಾ 42ನೆಯ ದಿನದವರೆಗೆ ಮನೆಗೆ ಬರುತ್ತಾರೆ. ಆಮೇಲೆ ಅವರ ಕಣ್ಣೆಲ್ಲ ಮಗುವಿನ ಲಸಿಕೆಯ ಮೇಲೆ. ತಾಯಿಗೆ ಮತ್ತೆ ಬಿ.ಪಿ. ಪಟ್ಟಿ ಕಟ್ಟುವ ಸರಕಾರಿ ತಪಾಸಣೆ ಆರಂಭವಾಗುವುದು ಅವಳಿಗೆ ಮೂವತ್ತು ತುಂಬಿದ ಮೇಲೆ. ಹತ್ತೊಂಬತ್ತು, ಇಪ್ಪತ್ತರಲ್ಲೇ ಮೊದಲ ಹೆರಿಗೆಯಾಗುವುದು ಅಪರೂಪವಲ್ಲದ ನಮ್ಮ ಜಿಲ್ಲೆಯಲ್ಲಿ ಈ ಲೆಕ್ಕದಂತೆ ಹತ್ತು ವರ್ಷಗಳು ಕತ್ತಲು.

ಇದರೊಂದಿಗೆ ನಮ್ಮ ಪದ್ಧತಿಯೂ ಸೇರಿಕೊಳ್ಳುತ್ತದೆ. ಚೊಚ್ಚಲ ಹೆರಿಗೆ ತವರಿನಲ್ಲಿ. ಸುರಪುರದ ಹಳ್ಳಿಯಲ್ಲಿ ಬಾಣಂತನ ಮುಗಿಸಿದ ಮಗಳು ಶಹಾಪುರದ ಗಂಡನ ಮನೆಗೆ ಹೋಗುತ್ತಾಳೆ. ಕೂಸು, ತೊಟ್ಟಿಲು ಜೊತೆಗೆ ಹೋಗುತ್ತವೆ. ತಾಯಿ ಕಾರ್ಡು ಮಾತ್ರ ಅವ್ವನ ಟ್ರಂಕಿನಲ್ಲಿ ಉಳಿಯುತ್ತದೆ. ಸುಗ್ಗಿ ಮುಗಿದ ಮೇಲೆ ದಂಪತಿ ಬೆಂಗಳೂರಿಗೋ ಪುಣೆಗೋ ಗುಳೆ ಹೋದರಂತೂ ಅವಳು ಯಾವ ಆಶಾಳ ಲೆಕ್ಕಕ್ಕೂ ಸಿಗುವುದಿಲ್ಲ. ನಲವತ್ತರ ಆಚೀಚೆ ಏದುಸಿರು, ಬೆನ್ನು ನೋವು, ಸುಸ್ತು ಎಂದರೆ ‘ಗ್ಯಾಸು’ ಎಂದು ಮನೆಮಂದಿ ಸುಮ್ಮನಾಗುತ್ತಾರೆ.

ಕಲಬುರಗಿಯಲ್ಲಿ 2024ರ ಡಿಸೆಂಬರ್‌ನಲ್ಲಿ 371 ಹಾಸಿಗೆಗಳ ಜಯದೇವ ಹೃದ್ರೋಗ ಆಸ್ಪತ್ರೆ ಉದ್ಘಾಟನೆಯಾಯಿತು. 371(ಜೆ) ವಿಧಿಯ ನೆನಪಿಗಾಗಿ ಆ ಸಂಖ್ಯೆ. ಸಂತೋಷ. ಆದರೆ ಸುರಪುರದ ಹೆಣ್ಣುಮಗಳಿಗೆ ಅದು ನೂರು ಕಿಲೋಮೀಟರ್ ಆಚೀಚೆ ದೂರದಲ್ಲಿದೆ. ಅಲ್ಲಿಗೆ ಹೋಗುವ ಸ್ಥಿತಿ ಬಾರದಂತೆ ಮಾಡುವ ಉಪಾಯ ಅವಳ ಊರಿನಲ್ಲೇ ಇದೆ. ಅದಕ್ಕೆ ಉದ್ಘಾಟನೆಯ ರಿಬ್ಬನ್ ಬೇಡ.

ಮಗುವಿಗೆ ಒಂಬತ್ತು ತಿಂಗಳಿಗೆ ದಡಾರ ಲಸಿಕೆ ಹಾಕಿಸಲು ತಾಯಿ ಬಂದೇ ಬರುತ್ತಾಳೆ. ಒಂದೂವರೆ ವರ್ಷದ ಸುಮಾರಿಗೆ ಮತ್ತೆ ಬರುತ್ತಾಳೆ. ಆಗ ಮಗುವಿಗೆ ಸೂಜಿ, ತಾಯಿಯ ತೋಳಿಗೆ ಬಿ.ಪಿ. ಪಟ್ಟಿ. ಇಷ್ಟೇ. ಬಸಿರಿನಲ್ಲಿ ಸಕ್ಕರೆ ಇದ್ದವರಿಗೆ ಆರು ವಾರಕ್ಕೊಮ್ಮೆ ಪರೀಕ್ಷಿಸಿ ನಂತರ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ. ಇಂಥ ತಾಯಂದಿರಿಗೆ ಮೂವತ್ತು ವರ್ಷದ ಷರತ್ತು ಸಡಿಲವಾಗಲಿ. ಡಿಸ್ಚಾರ್ಜ್ ಚೀಟಿಯಲ್ಲಿ ‘ಪ್ರತಿ ವರ್ಷ ಬಿ.ಪಿ. ನೋಡಿಸಿ’ ಎಂದು ಕನ್ನಡದಲ್ಲಿ ಒಂದು ಸಾಲು ಇರಲಿ.

ಆಶಾಗಳ ಮೇಲೆ ಇನ್ನೂ ಹೊರೆಯೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. 2025ರ ಜನವರಿಯಲ್ಲಿ ಗೌರವಧನಕ್ಕಾಗಿ ಬೆಂಗಳೂರಿನಲ್ಲಿ ಚಳಿಯಲ್ಲಿ ಧರಣಿ ಕುಳಿತವರು ಅವರೇ. ಕೆಲಸ ಕೊಡುವ ಸರಕಾರ ಕೂಲಿಯನ್ನೂ ಕೊಡಲಿ. ಕೂಲಿ ಉಳಿಸುವುದಕ್ಕಾಗಿ ತಾಯಂದಿರನ್ನು ಬಲಿಗೊಡುವುದು ಉಳಿತಾಯವಲ್ಲ.

ಸರಕಾರವನ್ನಷ್ಟೇ ಬೈದು ಕೈ ತೊಳೆದುಕೊಳ್ಳುವುದೂ ಸರಿಯಲ್ಲ. ಮೊಮ್ಮಗನ ತೂಕವನ್ನು ಊರಿಗೆಲ್ಲ ಹೇಳುವ ಅತ್ತೆಗೆ ಸೊಸೆಯ ಬಿ.ಪಿ. ಎಷ್ಟೆಂದು ಗೊತ್ತೇ? ಮೊಬೈಲಿಗೆ ಪ್ರತಿ ತಿಂಗಳು ಹಣ ಹಾಕಿಸುವ ಗಂಡ ಹೆಂಡತಿಯನ್ನು ವರ್ಷಕ್ಕೊಮ್ಮೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದಿದ್ದಾನೆಯೇ? ತಾಯಿಯ ಪಾದವನ್ನು ಹೊಗಳುವ ಮಾತು ನಮ್ಮಲ್ಲಿ ಎಲ್ಲ ಧರ್ಮದವರ ಬಾಯಲ್ಲೂ ಇದೆ. ಬಸಿರಿನಲ್ಲಿ ಆ ಪಾದ ಬಾತಿತ್ತು ಎಂಬುದನ್ನು ಮಾತ್ರ ನಾವು ಮರೆತುಬಿಡುತ್ತೇವೆ.

ಇಂದೇ ಟ್ರಂಕು ತೆರೆಯಿರಿ. ಹಳೆಯ ತಾಯಿ ಕಾರ್ಡನ್ನು ಹೊರಗೆ ತೆಗೆಯಿರಿ. ಅದರಲ್ಲಿ 140/90 ಅಥವಾ ಅದಕ್ಕಿಂತ ಹೆಚ್ಚಿನ ಅಂಕಿ ಕಂಡರೆ, ಆ ಕಾರ್ಡಿನೊಂದಿಗೆ ಅವಳನ್ನೂ ವೈದ್ಯರ ಬಳಿಗೆ ಕರೆದೊಯ್ಯಿರಿ.