ಮಗ್ಗದ ಮನೆಯ ಕಾಗದ

ಗೃಹಸ್ಥರ ಮನೆಯಲ್ಲಿ ಒಡವೆಗೆ ಒಂದು ಸ್ಥಳವುಂಟು. ದವಸಕ್ಕೆ ಒಂದು ಸ್ಥಳವುಂಟು. ಹಬ್ಬದ ಪಾತ್ರೆಗಳಿಗೂ ಅಟ್ಟದ ಮೇಲೊಂದು ಮೂಲೆಯುಂಟು. ಕಾಗದಕ್ಕೆ ಮಾತ್ರ ಗೊತ್ತಾದ ನೆಲೆಯಿಲ್ಲ. ಜಮೀನಿನ ಪತ್ರಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತೇವೆ. ಆದರೆ ತಾಯಂದಿರು ಬರೆದಿಟ್ಟ ರಂಗೋಲಿಯ ಪುಸ್ತಕ, ಕಸೂತಿಯ ನಮೂನೆ, ಮಗ್ಗದ ವಿನ್ಯಾಸದ ಹಾಳೆ ಇವೆಲ್ಲ ಹಾಸಿಗೆಯ ಕೆಳಗೋ ಹಳೆಯ ಪತ್ರಿಕೆಗಳ ನಡುವೆಯೋ ಸೇರಿ, ಕಡೆಗೊಂದು ದಿನ ತೂಕಕ್ಕೆ ಹೋಗುತ್ತವೆ. ಕೈಗೆಲಸಕ್ಕೆ ಸೇರಿದ ಇಂತಹ ಕಾಗದಗಳ ವಿಚಾರವಾಗಿ ಈ ಸಲ ನಾಲ್ಕು ಮಾತು ಹೇಳುವುದು ಉಚಿತವೆಂದು ನಮಗೆ ತೋರಿದೆ.

ಚಳ್ಳಕೆರೆ ಮತ್ತು ಮೊಳಕಾಲ್ಮೂರು ಚಿತ್ರದುರ್ಗ ಜಿಲ್ಲೆಯ ನೆರೆಹೊರೆಯ ತಾಲ್ಲೂಕುಗಳು. ಎರಡೂ ಮಳೆ ಕಡಿಮೆಯಾದ ನೆಲ. ಎರಡೂ ನೇಯ್ಗೆಗೆ ಹೆಸರಾದ ನೆಲ. ಚಳ್ಳಕೆರೆಯ ಕಡೆ ಕುರಿಯ ಉಣ್ಣೆಯ ಕಂಬಳಿ, ಮೊಳಕಾಲ್ಮೂರಿನಲ್ಲಿ ರೇಷ್ಮೆಯ ಸೀರೆ. ಕಂಬಳಿ ನೇಯುವವನಿಗೆ ಕಾಗದದ ಹಂಗಿಲ್ಲ. ಹುಣಸೆಬೀಜದ ಸರಿಯನ್ನು ಎಷ್ಟು ಹದಕ್ಕೆ ಕಾಯಿಸಬೇಕು, ಅಂಚಿನ ಪಟ್ಟೆಗೆ ಎಷ್ಟು ಎಳೆ ಬಿಡಬೇಕು ಎಂಬುದೆಲ್ಲ ತಂದೆಯ ಕೈಯಿಂದ ಮಗನ ಕೈಗೆ ನೇರವಾಗಿ ಬರುತ್ತದೆ. ರೇಷ್ಮೆ ಸೀರೆಯ ಮಾತು ಬೇರೆ. ಅದರ ಅಂಚಿನ ಬಳ್ಳಿ, ಒಡಲಿನ ಬುಟ್ಟಾ, ಸೆರಗಿನ ನವಿಲು ಇವು ನೂರಾರು ಎಳೆಗಳ ಲೆಕ್ಕದಿಂದ ಮೂಡುವಂಥವು. ಅಷ್ಟೂ ಲೆಕ್ಕವನ್ನು ಮನಸ್ಸಿನಲ್ಲಿ ಹೊತ್ತಿರುವುದು ಯಾರಿಗೂ ಸುಲಭವಲ್ಲ. ಆದುದರಿಂದ ಅದು ಕಾಗದದ ಮೇಲೆ ಇಳಿಯಿತು. 2010-11ರ ಸಾಲಿನಲ್ಲಿ ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಹೆಸರಿಗೆ ಕಾನೂನಿನ ರಕ್ಷಣೆ ಬಂದಿತು. ಆದರೆ ಆ ಸೀರೆಯ ಲೆಕ್ಕವನ್ನು ಹೊತ್ತ ಹಾಳೆಗಳಿಗೆ ರಕ್ಷಣೆ ಮನೆಯವರಿಂದಲೇ ಬರಬೇಕು.

ಈ ಲೆಕ್ಕದ ಬಗೆಯನ್ನು ನೇಯ್ಗೆ ಅರಿಯದ ಓದುಗರಿಗಾಗಿ ವಿವರಿಸುತ್ತೇವೆ. ಮೊದಲು ಚಿತ್ರವನ್ನು ಚೌಕುಳಿಯ ಗ್ರಾಫ್ ಹಾಳೆಯ ಮೇಲೆ ಬರೆಯುತ್ತಾರೆ. ಉದ್ದದ ಸಾಲು ಹಾಸಿನ ಎಳೆಗೆ, ಅಡ್ಡ ಸಾಲು ಹೊಕ್ಕಿನ ಎಳೆಗೆ ಸಮ. ಆಮೇಲೆ ಒಂದೊಂದು ಅಡ್ಡ ಸಾಲಿಗೆ ಒಂದೊಂದರಂತೆ ರಟ್ಟಿನ ಕಾರ್ಡಿನಲ್ಲಿ ರಂಧ್ರ ಕೊರೆಯುತ್ತಾರೆ. ಬಳ್ಳಿಯ ಒಂದು ಸುತ್ತು 200 ಹೊಕ್ಕಿನದಾದರೆ ಕಾರ್ಡುಗಳೂ 200. ಅವನ್ನು ದಾರದಿಂದ ಸರಪಳಿಯಂತೆ ಹೊಲಿದು ಮಗ್ಗದ ಮೇಲಿನ ಜಕಾರ್ಡ್ ಯಂತ್ರಕ್ಕೆ ಏರಿಸುತ್ತಾರೆ. ರಂಧ್ರವಿದ್ದಲ್ಲಿ ಸೂಜಿ ಒಳಹೊಕ್ಕು ಎಳೆ ಮೇಲೇಳುತ್ತದೆ. ರಂಧ್ರವಿಲ್ಲದಲ್ಲಿ ಎಳೆ ಕೆಳಗೇ ಉಳಿಯುತ್ತದೆ. ಒಂದು ಕಾರ್ಡು ಹಿಂದುಮುಂದಾದರೆ ನವಿಲಿನ ಕೊರಳು ಮುರಿದಂತೆಯೇ.

ಫ್ರಾನ್ಸ್ ದೇಶದ ಲಿಯೋನ್ ಪಟ್ಟಣದ ಜೋಸೆಫ್ ಮರಿ ಜಕಾರ್ಡ್ 1804ರ ವೇಳೆಗೆ ಈ ಯಂತ್ರವನ್ನು ರೂಢಿಗೆ ತಂದನು. 1839ರಲ್ಲಿ ಆತನ ಭಾವಚಿತ್ರವನ್ನೇ ಸುಮಾರು 24,000 ಕಾರ್ಡುಗಳ ನೆರವಿನಿಂದ ರೇಷ್ಮೆಯಲ್ಲಿ ನೇಯಲಾಯಿತು. ಅದರ ಒಂದು ಪ್ರತಿಯನ್ನು ಇಟ್ಟುಕೊಂಡಿದ್ದ ಆಂಗ್ಲ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್, ತಾನು ಕಲ್ಪಿಸಿದ ಗಣನಯಂತ್ರಕ್ಕೂ ಇಂತಹ ರಂಧ್ರದ ಕಾರ್ಡುಗಳನ್ನೇ ಯೋಜಿಸಿದನು. 1890ರ ಅಮೆರಿಕದ ಜನಗಣತಿಯನ್ನು ರಂಧ್ರದ ಕಾರ್ಡುಗಳಿಂದಲೇ ಎಣಿಸಲಾಯಿತು. ಇಂದಿನ ಗಣಕಯಂತ್ರದ ಪೂರ್ವಜರಲ್ಲಿ ನೇಕಾರನ ರಟ್ಟಿಗೂ ಸ್ಥಾನವುಂಟೆಂಬುದನ್ನು ನಮ್ಮ ಮಕ್ಕಳಿಗೆ ಹೇಳಿಕೊಡಬೇಕು.

ಸೀರೆ ಉಟ್ಟು ಸವೆಯುತ್ತದೆ. ಹಳೆಯ ಜರಿ ಸೀರೆಯನ್ನು ಬೆಳ್ಳಿಗಾಗಿ ಕೊಂಡು ಸುಡುವವರೂ ಇದ್ದಾರೆ. ಸೀರೆ ಹೋದ ಮೇಲೆ ಅದರ ಚಿತ್ರ ಉಳಿಯುವುದು ಗ್ರಾಫ್ ಹಾಳೆಯಲ್ಲಿ ಮತ್ತು ಕಾರ್ಡಿನಲ್ಲಿ. ಅದೂ ಹೋದರೆ ಆ ಅಂಚು ಲೋಕದಿಂದಲೇ ಹೋಯಿತೆಂದು ತಿಳಿಯಬೇಕು. ಮೊಳಕಾಲ್ಮೂರಿನ ಕಡೆ ನಾವು ಬಲ್ಲ ಒಂದು ಮನೆಯಲ್ಲಿ, ಮಗ ಬೇರೆ ಉದ್ಯೋಗ ಹಿಡಿದಾಗ ಯಂತ್ರದೊಡನೆ ಎರಡು ಚೀಲ ಕಾರ್ಡುಗಳನ್ನೂ ಗುಜರಿಗೆ ಹಾಕಿದರು. ಕೆಲವು ವರ್ಷಗಳ ತರುವಾಯ ವ್ಯಾಪಾರಿಯೊಬ್ಬರು ಹರಿದ ಹಳೆಯ ಸೀರೆಯೊಂದನ್ನು ತಂದು ಅದೇ ಅಂಚು ಬೇಕೆಂದರು. ಅದು ಆ ಮನೆಯದೇ ಅಂಚು. ಹಿರಿಯರು ಭೂತಗನ್ನಡಿ ಹಿಡಿದು, ಒಂದೊಂದೇ ಎಳೆ ಎಣಿಸಿ, ಮತ್ತೆ ಗ್ರಾಫ್ ಬರೆಯಲು ಕುಳಿತರು. "ಅಯ್ಯನೋರೇ, ರಟ್ಟು ಮಾರಿದಾಗ ಬಂದದ್ದು ಒಂದು ಸಂತೆಯ ದುಡ್ಡು. ಅದನ್ನ ವಾಪಸ್ ಬರೆಯೋಕೆ ನನ್ನ ಕಣ್ಣೇ ಸವೆದು ಹೋಯ್ತು" ಎಂದು ಅವರು ನಮ್ಮೊಡನೆ ಹೇಳಿದರು. ಅಂಚಿನ ಅರ್ಧ ಭಾಗ ಮಾತ್ರ ಮರಳಿ ದೊರೆಯಿತು. ಸೀರೆಯ ಉಳಿದ ಭಾಗ ಆಗಲೇ ಜೀರ್ಣವಾಗಿತ್ತು.

ಆದುದರಿಂದ ಕಾಪಿಡುವ ಕ್ರಮವನ್ನು ಮನೆಮಂದಿಯೆಲ್ಲರೂ ತಿಳಿದಿರುವುದು ಒಳಿತು. ಕಾಗದಕ್ಕೆ ವೈರಿಗಳು ತೇವ, ಬಿಸಿಲು, ಧೂಳು, ಹುಳು ಹಾಗೂ ಇಲಿ. ನಮ್ಮ ಬಯಲುಸೀಮೆಯಲ್ಲಿ ತೇವ ಕಡಿಮೆಯೆಂದು ಮೈಮರೆಯಬಾರದು. ಬೇಸಗೆಯ ಒಣ ಗಾಳಿಗೆ ಕಾಗದ ಮುರುಕಲಾಗುತ್ತದೆ. ಆ ಬಳಿಕ ಬರುವ ಮಳೆಯ ತೇವಕ್ಕೆ ರಟ್ಟು ಸೊಟ್ಟಗಾಗುತ್ತದೆ. ಸೊಟ್ಟಗಾದ ಕಾರ್ಡು ಸೂಜಿಗೆ ಸರಿಯಾಗಿ ಕೂಡದೆ ನೇಯ್ಗೆಯಲ್ಲಿ ತಪ್ಪು ಬೀಳುತ್ತದೆ.

ಮೊದಲನೆಯದಾಗಿ, ವಿಂಗಡಿಸಬೇಕು. ಅಂಚು, ಒಡಲು, ಸೆರಗು ಎಂದು ಮೂರು ಗುಂಪು ಮಾಡಿ, ಪ್ರತಿ ಕಟ್ಟಿಗೂ ಹೆಸರು, ಕಾರ್ಡುಗಳ ಸಂಖ್ಯೆ, ಯಂತ್ರದ ಕೊಕ್ಕೆಗಳ ಸಂಖ್ಯೆ, ಮೊದಲು ನೇಯ್ದ ವರ್ಷ ಇವನ್ನು ಚೀಟಿಯಲ್ಲಿ ಬರೆದು ಕಟ್ಟಬೇಕು. ಸೀಸದ ಕಡ್ಡಿಯಲ್ಲಿ ಬರೆದರೆ ನೀರು ತಾಗಿದರೂ ಅಕ್ಷರ ಹರಡುವುದಿಲ್ಲ. ಕಾರ್ಡುಗಳಿಗೆ ಕ್ರಮಸಂಖ್ಯೆ ಹಾಕಿದ್ದರೆ ದಾರ ಹರಿದರೂ ಭಯವಿಲ್ಲ. ಆ ಸೀರೆಯ ಒಂದು ಚಿಕ್ಕ ತುಣುಕು ದೊರೆತರೆ ಜೊತೆಗಿಡುವುದು ಉತ್ತಮ. ಬಣ್ಣದ ವಿಚಾರ ಗ್ರಾಫ್ ಹಾಳೆಯಿಂದ ಪೂರ್ತಿ ತಿಳಿಯದು.

ಎರಡನೆಯದಾಗಿ, ಕಟ್ಟುವ ಬಗೆ. ಗ್ರಾಫ್ ಹಾಳೆಯನ್ನು ಮಡಿಸಬಾರದು. ಮಡಿಕೆಯಲ್ಲಿಯೇ ಕಾಗದ ಮೊದಲು ಹರಿಯುತ್ತದೆ. ಎರಡು ರಟ್ಟುಗಳ ನಡುವೆ ಚಪ್ಪಟೆಯಾಗಿ ಇಡಬೇಕು. ಬಹಳ ದೊಡ್ಡದಾದರೆ ದಪ್ಪ ಕೊಳವೆಗೆ ಸಡಿಲವಾಗಿ ಸುತ್ತಬೇಕು. ಕಾರ್ಡಿನ ಸರಪಳಿಯನ್ನು ಅದರ ಮಡಿಕೆಯಂತೆಯೇ ಒಂದರ ಮೇಲೊಂದು ಬರುವಂತೆ ಇಟ್ಟು, ತೊಳೆದ ಹತ್ತಿಬಟ್ಟೆಯಲ್ಲಿ ಸುತ್ತಿ ನೂಲಿನ ಪಟ್ಟಿಯಿಂದ ಕಟ್ಟಬೇಕು. ರಬ್ಬರ್ ಪಟ್ಟಿ ಅಂಟಿಕೊಳ್ಳುತ್ತದೆ, ಗುಂಡುಪಿನ್ನು ತುಕ್ಕು ಹಿಡಿಯುತ್ತದೆ, ಹಳೆಯ ಪತ್ರಿಕೆಯ ಕಾಗದದ ಆಮ್ಲ ಒಳಗಿನ ಹಾಳೆಯನ್ನೂ ಹಳದಿಯಾಗಿಸುತ್ತದೆ.

ಮೂರನೆಯದಾಗಿ, ಇಡುವ ಸ್ಥಳ. ನೆಲದಿಂದ ಒಂದು ಅಡಿ ಎತ್ತರ, ಗೋಡೆಯಿಂದ ನಾಲ್ಕು ಬೆರಳು ದೂರ ಇರಲಿ; ಗೆದ್ದಲು ಬರುವುದು ಗೋಡೆಯ ದಾರಿಯಿಂದಲೇ. ಒಲೆಯ ಹೊಗೆ, ಕಿಟಕಿಯ ಬಿಸಿಲು ಬೇಡ. ಒಣಗಿದ ಬೇವಿನ ಎಲೆ ಅಥವಾ ಬಜೆಯ ತುಂಡುಗಳನ್ನು ಬಟ್ಟೆಯ ಚೀಲದಲ್ಲಿಟ್ಟು ಪಕ್ಕದಲ್ಲಿರಿಸುವ ಹಿರಿಯರ ಪದ್ಧತಿ ಮುಂದುವರಿಯಲಿ. ಗಂಜಿಯ ವಾಸನೆಗೆ ಇಲಿಯೂ ಬೆಳ್ಳಿಯ ಬಣ್ಣದ ಸಣ್ಣ ಹುಳುವೂ ಬರುವುದರಿಂದ ಮೈದಾ ಅಂಟು ಹಚ್ಚಿದ ಹಾಳೆಯನ್ನು ಬೇರೆ ಇಡಬೇಕು. ವರ್ಷಕ್ಕೆರಡು ಸಲ, ಮಳೆಗೆ ಮುನ್ನ ಮತ್ತು ಮಳೆಯ ನಂತರ, ನೆರಳಿನಲ್ಲಿ ಬಿಚ್ಚಿ ಗಾಳಿಗೆ ಹಿಡಿಯಬೇಕು. ಈಗ ಮನೆಮನೆಯಲ್ಲಿ ಮೊಬೈಲ್ ಇದೆ. ಪ್ರತಿ ಹಾಳೆಯ ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಛಾಯಾಚಿತ್ರ ತೆಗೆದು, ಎರಡು ಕಡೆ ಉಳಿಸಿಡಬಹುದು. ಆದರೆ ಛಾಯಾಚಿತ್ರವಿದೆಯೆಂದು ಮೂಲವನ್ನು ಗುಜರಿಗೆ ಹಾಕಲಾಗದು.

ಮಗ್ಗವಿಲ್ಲದ ಮನೆಗೂ ಈ ಕ್ರಮವೇ ಸಲ್ಲುತ್ತದೆ. ಕಸೂತಿಯ ಬೆಣ್ಣೆಕಾಗದ, ರಂಗೋಲಿಯ ಹಾಳೆ, ಮಕ್ಕಳ ಬಣ್ಣದ ಕಾಗದ ಇವನ್ನು ಬಣ್ಣ ಹಾಗೂ ಅಳತೆಯಂತೆ ಬೇರ್ಪಡಿಸಿ ಚಪ್ಪಟೆಯಾಗಿಡಬೇಕು. ಮಿಂಚುಕಾಗದಗಳು ಸೆಕೆಗೆ ಒಂದಕ್ಕೊಂದು ಅಂಟುವುದರಿಂದ ನಡುವೆ ಬಿಳಿಹಾಳೆ ಇರಲಿ. ತುಂಡುಗಳನ್ನು ಲಕೋಟೆಯಲ್ಲಿ ಹಾಕಿಟ್ಟರೆ ಹೊಸ ಹಾಳೆ ಕತ್ತರಿಸುವ ಪ್ರಮೇಯ ಬಾರದು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳು ಬಂಡೆಯ ಮೇಲೆ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಮೇಲ್ಪಟ್ಟು ನಿಂತಿವೆ. ಬಂಡೆಯನ್ನು ಯಾರೂ ಬಟ್ಟೆಯಲ್ಲಿ ಸುತ್ತಿಡಬೇಕಾಗಲಿಲ್ಲ. ಓಲೆಗರಿಗೂ ಕಾಗದಕ್ಕೂ ಆ ಭಾಗ್ಯವಿಲ್ಲ. ಫ. ಗು. ಹಳಕಟ್ಟಿಯವರು ಊರೂರು ತಿರುಗಿ ವಚನದ ಓಲೆಗಳನ್ನು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತರಲು ಸಾಧ್ಯವಾದದ್ದು, ಹೆಸರು ತಿಳಿಯದ ಎಷ್ಟೋ ಮನೆತನಗಳವರು ಆ ಕಟ್ಟುಗಳನ್ನು ಜತನದಿಂದ ಇಟ್ಟಿದ್ದುದರಿಂದ. ಇಟ್ಟವರೆಲ್ಲರೂ ಅವನ್ನು ಓದಬಲ್ಲವರಾಗಿರಲಿಲ್ಲ.

ನಿಮ್ಮ ಮನೆಯಲ್ಲಿಯೂ ಅಂತಹ ಒಂದು ಕಟ್ಟು ಇರಬಹುದು. ಮಗ್ಗ ನಿಂತಿದ್ದರೂ ಚಿಂತೆಯಿಲ್ಲ. ಹಿರಿಯರು ಹೇಳಬಲ್ಲವರಾಗಿರುವಾಗಲೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇದು ಯಾವ ಅಂಚು, ಯಾರ ಮದುವೆಗೆ ನೇಯ್ದದ್ದು ಎಂದು ಕೇಳಿ, ಚೀಟಿಯಲ್ಲಿ ಬರೆದು ಕಟ್ಟಿರಿ. ಬರುವ ಮಳೆಗಾಲಕ್ಕೆ ಮುನ್ನ ಒಂದು ಕಟ್ಟಿಗಾದರೂ ಈ ಕೆಲಸವಾಗಲಿ.